ಉಪ್ಪಿನ ಕವರು, ಕಪ್ಪು ದಾರ

ನಮ್ಮ ಸಿರಾ ಸೀಮೆಯಲ್ಲಿ ಈಚೆಗೆ ಬಟ್ಟೆ ಚೀಲ ಹಿಡಿದು ಸಂತೆಗೆ ಹೋಗುವವರು ಕಡಿಮೆಯಾಗಿದ್ದಾರೆ. ಉಪ್ಪಿಗೊಂದು ಪ್ಲಾಸ್ಟಿಕ್ ಕವರು, ಮೆಣಸಿನಕಾಯಿಗೊಂದು ಕವರು. ಖಾಲಿಯಾದ ಕವರು ಎಲ್ಲಿಗೆ? ತಿಪ್ಪೆಗೆ. ಆಮೇಲೆ? ಅದನ್ನು ಕುರಿ ಕಾಯುವ ಓಬಳಪ್ಪನ ಮನೆಯಲ್ಲಿ ಕೇಳಬೇಕು.

ಅವನ ಗಬ್ಬದ ಹಸು ಕೆಂಚಿ ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಎಡಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಹೆಂಡತಿ ಜುಂಜಮ್ಮ ದೃಷ್ಟಿ ತೆಗೆದಳು, ಉಬ್ಬರ ಇಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ದಾಕ್ಷಾಯಣಮ್ಮ ಎಂದಿನಂತೆ ಕಲಗಚ್ಚಿನ ಪಾತ್ರೆ ಹಿಡಿದು ಬಂದರು.

"ಅಲ್ಲೇ ನಿಂತ್ಕಳಿ!" ಓಬಳಪ್ಪ ಗುಡುಗಿದ. "ನಿಮ್ಮ ಕಲಗಚ್ಚು ಕುಡಿದ ಮ್ಯಾಲೇ ಇದು ಹಿಂಗಾಗಿದ್ದು. ಏನ್ ಹಾಕಿದ್ರಿ ಅದ್ರಾಗೆ?"

"ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ. ಇನ್ನೇನ್ ಹಾಕ್ಲಪ್ಪ? ಬೈಯೋದಾದ್ರೆ ಆಮೇಲೆ ಬೈಯಿ, ಮೊದ್ಲು ದನದ ಡಾಕ್ಟ್ರನ್ನ ಕರ್ಸು. ದನ ಪ್ಲಾಸ್ಟಿಕ್ ತಿಂದ್ರೆ ಹಿಂಗೇ ಉಬ್ಬುತ್ತೆ ಅಂತ ಮಹಿಳಾ ಮಂಡಳೀಲಿ ಹೇಳಿದ್ರು."

"ಹುಲ್ಯಾವ್ದು ಕವರ್ಯಾವ್ದು ಗೊತ್ತಾಗದಂಗೆ ನನ್ ಹಸ ಏನ್ ಪ್ಯಾಟೆಯಿಂದ ಬಂದೈತಾ?"

"ಮಾತಾಡ್ಕಂಡು ನಿಂತ್ಕ, ಅದು ಸಾಯ್ಲಿ," ಎಂದು ಜುಂಜಮ್ಮ ತಾನೇ ಡಾಕ್ಟರಿಗೆ ಹೇಳಿಕಳಿಸಿದಳು.

ಡಾಕ್ಟರು ಬಂದವರೇ ಹಸುವಿನ ಪಕ್ಕೆ ಒತ್ತಿ ನೋಡಿದರು. "ಹೊಟ್ಟೆ ಕೊಯ್ದೇ ತೆಗೀಬೇಕು. ಬದುಕುತ್ತೆ ಅಂತ ಮಾತು ಕೊಡಲಾರೆ. ಹಿಂಗೇ ಬಿಟ್ರೆ ನಾಳೆವರೆಗೂ ಉಳಿಯಲ್ಲ."

ಓಬಳಪ್ಪ ಆಗಲಿ ಎಂದು ತಲೆಯಾಡಿಸಿದ. ಆದರೂ ದಾಕ್ಷಾಯಣಮ್ಮನ ಕಡೆ ತಿರುಗಿದ. "ಒಳಗೆ ವಿಷ ಸಿಕ್ತೋ, ನಿಮ್ಮನ್ನ ಪಂಚಾಯ್ತಿಗೆ ಎಳೀತೀನಿ."

"ಎಳಿಯಪ್ಪ, ಬರ್ತೀನಿ. ಈಗ ಅದರ ಕತ್ತು ಹಿಡ್ಕೊ."

ಮರಗಟ್ಟುವ ಸೂಜಿ ಕೊಟ್ಟು ಪಕ್ಕೆ ಕೊಯ್ದರು. ಡಾಕ್ಟರ ಕೈ ಮೊಣಕೈವರೆಗೆ ಒಳಗೆ ಹೋಯಿತು. ಮೊದಲು ಹುಲ್ಲು ಬಂತು. ಆಮೇಲೆ ಒಂದಕ್ಕೊಂದು ಹೆಣೆದುಕೊಂಡ ಕವರುಗಳು. ಎಳೆದಷ್ಟೂ ಬಂದವು. ಮೊರದ ತುಂಬ ಆದವು.

ಕೊನೆಗೆ ಬಂದ ಕವರಿನ ಬಾಯಿಗೆ ಕಪ್ಪು ಉಣ್ಣೆಯ ದಾರ ಇನ್ನೂ ಸುತ್ತಿಕೊಂಡಿತ್ತು. ಕುರಿಗೆ ಉಪ್ಪು ಒಯ್ಯುವಾಗ ಕಂಬಳಿಯ ಅಂಚಿನಿಂದ ಎಳೆ ಕಿತ್ತು ಹಾಗೆ ಕಟ್ಟುವವನು ಆ ಊರಿಗೆಲ್ಲ ಒಬ್ಬನೇ.

"ಇದ್ಯಾರ್ ಕಟ್ಟಿದ್ದು ಅಂತ ನಾನ್ ಹೇಳ್ಬೇಕಾ?" ಎಂದಳು ಜುಂಜಮ್ಮ.

"ಉಪ್ಪಿನ ರುಚಿ ಹತ್ತಿರುತ್ತಲ್ಲ, ನೆಕ್ಕುತ್ತೆ. ನೆಕ್ತಾ ನೆಕ್ತಾ ನುಂಗುತ್ತೆ. ಒಳಗೆ ಅದು ಕರಗಲ್ಲ," ಎಂದರು ಡಾಕ್ಟರು.

ಓಬಳಪ್ಪ ಹಸುವಿನ ಕತ್ತಿನಿಂದ ಮುಖ ಎತ್ತಲಿಲ್ಲ.

ಹೊಲಿಗೆ ಹಾಕಿದ ಮೇಲೂ ಕೆಂಚಿ ಕಣ್ಣು ಮುಚ್ಚಿ ಮಲಗಿಯೇ ಇತ್ತು. ಮೆಲುಕು ಹಾಕಿದರೆ ಬದುಕಿತು ಎಂದಿದ್ದರು ಡಾಕ್ಟರು. ಮಾರನೆಯ ಸಂಜೆ ಅದರ ದವಡೆ ನಿಧಾನವಾಗಿ ಅಲ್ಲಾಡಿತು. ಜುಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಓಬಳಪ್ಪ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತ. "ಅಮ್ಮಾರೇ, ತೆಪ್ಪಾಯ್ತು. ಹೊಟ್ಟೇಗ್ ಹಾಕ್ಕಳಿ. ಇನ್ಮ್ಯಾಲೂ ಕಲಗಚ್ಚು ಕೊಡ್ತೀರಾ?"

"ಕೊಡ್ದೆ ಏನ್ಮಾಡ್ಲಿ? ಪಂಚಾಯ್ತಿಗೆ ಯಾವತ್ ಬರ್ಲಿ, ಅದನ್ ಹೇಳು!"

ಈಗ ಆ ಮನೆಯಲ್ಲಿ ಉಪ್ಪು ಮಣ್ಣಿನ ಕುಡಿಕೆಯಲ್ಲಿದೆ. ಕುರಿಗೆ ಒಯ್ಯುವ ಉಪ್ಪಿಗೆ ಹಳೆಯ ಸೀರೆಯಲ್ಲಿ ಹೊಲಿದ ಚೀಲ. ಬಾಯಿಗೆ ಅದೇ ಕಪ್ಪು ದಾರ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂತೆಗೆ ಹೊರಡುವಾಗ ಬಟ್ಟೆ ಚೀಲ ಹೆಗಲಿಗಿರಲಿ. ಸಿಪ್ಪೆ, ಕಲಗಚ್ಚು ದನಕ್ಕೆ ಹಾಗೇ ಕೊಡಿ, ಕವರಿನಲ್ಲಿ ಕಟ್ಟಿ ಎಸೆಯಬೇಡಿ. ಮನೆಗೆ ಬಂದುಬಿಟ್ಟ ಕವರನ್ನು ತೊಳೆದು ಹರಿಯುವವರೆಗೂ ಬಳಸಿ, ಹರಿದದ್ದನ್ನು ದನದ ಬಾಯಿಗೆ ಸಿಗದ ಕಡೆ ಇಡಿ. ಸುಡಲು ಹೋಗಬೇಡಿ, ಆ ಹೊಗೆ ಮಕ್ಕಳ ಎದೆಗೆ ಕೆಟ್ಟದ್ದು.

ನಿಮ್ಮ ಹಸುವಿನ ಹೊಟ್ಟೆಯೊಳಗೆ ಏನಿದೆಯೋ ನಿಮಗೆ ಕಾಣದು. ನಿಮ್ಮ ತಿಪ್ಪೆಯ ಮೇಲಿರುವುದು ಕಾಣುತ್ತದೆಯಲ್ಲ, ಇವತ್ತೇ ಹೋಗಿ ಆರಿಸಿ.