ಚೀಲದಲ್ಲೇ ಉಳಿದ ತಕರಾರು

ಕಾನೂನು ವಿದ್ಯಾರ್ಥಿನಿ ಡೆಲ್ಫಾಳ ಚೀಲದಲ್ಲಿ ಹನ್ನೊಂದು ದಿನದಿಂದ ಒಂದು ಕಾಗದ ಕೂತಿತ್ತು. ಎಲ್ಲರೂ ಲೋಲಾ, ಅಂದರೆ ಅಜ್ಜಿ, ಅನ್ನುವ ಸೆಬಿಯಾ ಎಂಬ ಮುದುಕಿಯನ್ನು ಮನೆ ಬಿಡಿಸಲು ಜಾಗದ ಯಜಮಾನ ಹಾಕಿದ ದಾವೆಗೆ ಬರೆದ ತಕರಾರು ಅದು. ಮುದುಕಿಯ ಹೆಬ್ಬೆಟ್ಟು ಬಿದ್ದಾಗಿತ್ತು. ಕಾಲೇಜಿನ ಕಾನೂನು ನೆರವು ಕೇಂದ್ರದ ಮುಖ್ಯಸ್ಥೆ ಅಟರ್ನಿ ಮಗ್ಬನುವಾ ಅವರ ಸಹಿಯೊಂದು ಬಾಕಿ. ಇವತ್ತು ನಾಲ್ಕೂವರೆಗೆ ಇಲೋಯ್ಲೊ ಊರಿನ ಕೋರ್ಟಿನಲ್ಲಿ ಕಾಗದ ತೆಗೆದುಕೊಳ್ಳುವ ಕಿಟಕಿ ಮುಚ್ಚಿತೆಂದರೆ ಗಡುವೂ ಮುಗಿದಂತೆ, ಲೋಲಾಳ ಮನೆಯೂ ಹೋದಂತೆ.

ಸಹಿ ಕೇಳಲು ಏನು ಧಾಡಿ ಅನ್ನುತ್ತೀರಾ? ಭಯ ಕಣ್ರೀ, ಬರೀ ಭಯ. ಮೊದಲ ವರ್ಷ ಒಬ್ಬ ಮೇಷ್ಟ್ರು ಹೆಸರಿನ ಚೀಟಿಗಳನ್ನು ಕಲಸಿ, ಇವಳದನ್ನು ಎತ್ತಿ, ಉತ್ತರ ಬಾರದ್ದಕ್ಕೆ ಗಂಟೆಗಟ್ಟಲೆ ನಿಲ್ಲಿಸಿ, "ನಿನ್ನ ಕಕ್ಷಿದಾರರನ್ನ ದೇವರೇ ಕಾಪಾಡ್ಬೇಕು" ಅಂದಿದ್ದ. ಹೆದರುವವರ ಮೇಲೆ ಹಾವು ಎಸೆಯುವುದೆಂದರೆ ಇದೇ ತಾನೆ! ಅಂದಿನಿಂದ ಯಾರ ಮೇಜಿನ ಮುಂದೆ ನಿಂತರೂ ಇವಳ ನಾಲಿಗೆ ಒಣಗುತ್ತಿತ್ತು. ತಪ್ಪು ಸಿಕ್ಕೀತೆಂದು ಆ ತಕರಾರನ್ನು ದಿನವೂ ಓದಿ ಮತ್ತೆ ಚೀಲಕ್ಕೇ ತುರುಕುತ್ತಿದ್ದಳು. ಲೋಲಾ ಕೇಳಿದಾಗ ಮಾತ್ರ "ಕೋರ್ಟಿಗೆ ಕೊಟ್ಟಾಯ್ತು ಲೋಲಾ" ಅಂದುಬಿಟ್ಟಿದ್ದಳು.

ಎರಡು ಗಂಟೆಗೆ ಕೇಂದ್ರದ ವಿದ್ಯಾರ್ಥಿಗಳೆಲ್ಲ ಅಟರ್ನಿಯ ಸುತ್ತ ಕೂತರು. ವಾರದ ಕೆಲಸದಲ್ಲಿ ತಮಗೇನನ್ನಿಸಿತೆಂದು ಡೈರಿಯಲ್ಲಿ ಬರೆದು ಪ್ರತಿ ಶುಕ್ರವಾರ ಗಟ್ಟಿಯಾಗಿ ಓದಬೇಕು.

"'ಬಡವರಿಂದ ತುಂಬಾ ಕಲಿತೆ' ಅಂತ ಗೀಚಿಬಿಡೇ," ಎಂದು ಪಕ್ಕದ ಜೂನ್‌ಮಾರ್ ಪಿಸುಗುಟ್ಟಿದ. "ಮೂರು ವಾರದಿಂದ ನಾನು ಅದನ್ನೇ ಓದ್ತಿದೀನಿ."

ಇವಳೂ ಅಂಥದ್ದನ್ನೇ ಬರೆದಿದ್ದಳು. ಸರದಿ ಬಂದಾಗ ಎದ್ದು ನಿಂತಳು. "'ಲೋಲಾ ಸೆಬಿಯಾಗೆ ನೆರವಾದ ಹೆಮ್ಮೆ...'" ಗಡಿಯಾರದಲ್ಲಿ ಎರಡೂ ಮುಕ್ಕಾಲು. ಮುಂದೆ ಓದಲಾಗಲಿಲ್ಲ.

"ಯಾಕಮ್ಮಾ ನಿಲ್ಲಿಸ್ದೆ?" ಅಂದರು ಅಟರ್ನಿ.

"ಇದೆಲ್ಲಾ ಸುಳ್ಳು, ಅಟರ್ನಿ. ತಕರಾರು ನನ್ನ ಚೀಲದಲ್ಲೇ ಇದೆ. ನಿಮ್ಮ ಹತ್ರ ಬರೋಕೆ ಭಯ ಆಯ್ತು. ಇವತ್ತೇ ಕೊನೇ ದಿನ."

ನನ್ನ ಕಥೆ ಮುಗಿಯಿತು, ವಕೀಲಿಕೆಗೆ ಇವತ್ತೇ ಎಳ್ಳುನೀರು ಅಂದುಕೊಂಡಳು ಡೆಲ್ಫಾ. ಅಟರ್ನಿ ಕೈಚಾಚಿ ಕಾಗದ ಇಸಿದುಕೊಂಡು ಕೊನೆಯವರೆಗೂ ಓದಿದರು. ಒಂದು ತಾರೀಖು ತಿದ್ದಿ ಸಹಿ ಹಾಕಿದರು.

"ಇಷ್ಟೇನಾ? ನಡಿ, ಜೀಪ್ನಿ ಬಸ್ಸು ಹಿಡಿಯೋಣ."

ನಾಲ್ಕು ಹತ್ತಕ್ಕೆ ಕೋರ್ಟಿನ ಮೊಹರು ಬಿತ್ತು.

"ಬದುಕಿದೆ," ಅಂದಳು ಡೆಲ್ಫಾ.

"ಎಲ್ಲಿ ಬದುಕಿದೆ? ಲೋಲಾ ಮನೆಗೆ ಹೋಗೋದು ಬಾಕಿ ಇದೆ. ಸುಳ್ಳು ಹೇಳಿದವಳು ನೀನು, ನಿಜ ಹೇಳೋಳೂ ನೀನೇ."

ಲೋಲಾ ಮೊರದಲ್ಲಿ ಒಣಮೀನು ಹರಡುತ್ತಿದ್ದಳು. ಡೆಲ್ಫಾ ತಲೆತಗ್ಗಿಸಿ ಒಂದೂ ಬಿಡದೆ ಒಪ್ಪಿಸಿದಳು. ಮುದುಕಿಯ ಕೈ ನಿಂತಿತು.

"ಮನೆ ಹೋಗಿಬಿಟ್ಟಿದ್ರೆ?"

ಲೋಲಾ ಮೊರ ಪಕ್ಕಕ್ಕಿಟ್ಟು ಡೆಲ್ಫಾಳಿಗೆ ಕೂರಲು ಜಾಗ ಮಾಡಿದಳು.

"ಆ ಕಿಟಕಿ ಕಂಡ್ರೆ ನಂಗೂ ಕೈಕಾಲು ನಡುಗುತ್ತೆ ಮಗಾ. ಅದಕ್ಕೇ ಅಲ್ವಾ ನಿನ್ನ ಹತ್ರ ಬಂದಿದ್ದು?"

ಮುಂದಿನ ಶುಕ್ರವಾರ ಡೆಲ್ಫಾಳ ಡೈರಿಯಲ್ಲಿ ಇದ್ದದ್ದು ಲೋಲಾ ಅಂದ ಅದೊಂದೇ ಮಾತು. ಓದುವಾಗ ಅವಳ ದನಿ ನಡುಗುತ್ತಿತ್ತು. ಆದರೂ ಓದಿದಳು.