ಹಿತ್ತಲ ಬಾಗಿಲ ಕಲ್ಲು

ಕರೆಪ್ಪನಿಗೆ ಕಲ್ಲುಗಳ ವಿಷಯದಲ್ಲಿ ಪಕ್ಷಪಾತವಿತ್ತು. ಶಹಾಬಾದಿನ ಗಣಿಯಲ್ಲಿ ಉಳಿ ಹಿಡಿದು ಬೆಳೆದವನು, ಈಗ ಬಿಟಿಎಂನಲ್ಲಿ ಬಾಡಿಗೆಗಿದ್ದು ಬೆಂಗಳೂರಿನವರ ಮನೆಗಳಿಗೆ ಗ್ರಾನೈಟ್ ಹಾಸುತ್ತಿದ್ದ. ಹೊಟ್ಟೆಪಾಡು ಬೇರೆ, ಮನಸ್ಸು ಬೇರೆ. ಗ್ರಾನೈಟು ಬೆಂಕಿಯಲ್ಲಿ ಕರಗಿ ಹೆಪ್ಪುಗಟ್ಟಿದ ಕಲ್ಲು, ಒಳಗೆ ಪದರವಿಲ್ಲ, ಯಾರನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಶಹಾಬಾದಿ ಕಲ್ಲು ನೀರಿನಡಿಯ ಕೆಸರು, ಪದರದ ಮೇಲೆ ಪದರ ಕೂತು ಗಟ್ಟಿಯಾದದ್ದು, ಮೇಲೆ ಬಿದ್ದದ್ದನ್ನೆಲ್ಲ ಮುಚ್ಚಿಟ್ಟುಕೊಳ್ಳುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಕುಮಾರಸ್ವಾಮಿ ಲೇಔಟಿನ ಶಾಂತಲಾ ಅವರ ಮನೆಗೆ ಹನ್ನೆರಡು ವರ್ಷದ ಹಿಂದೆ ಶಹಾಬಾದಿ ನೆಲ ಹಾಸಿದವನೂ ಅವನೇ. ಈಗ ಅವರ ಗಂಡ ನರೇಂದ್ರನಿಗೆ ಎಲ್ಲ ಕಿತ್ತು ಗ್ರಾನೈಟ್ ಹಾಕಿಸುವ ಆಸೆ, ಆ ಕೆಲಸಕ್ಕೂ ಕರೆಪ್ಪನನ್ನೇ ಕರೆಸಿದ್ದರು. ಗಂಡ ಆಫೀಸಿಗೆ ಹೋದ ಮೇಲೆ ಶಾಂತಲಾ ಕರೆಪ್ಪನನ್ನು ಹಿತ್ತಲ ಬಾಗಿಲಿಗೆ ಕರೆದೊಯ್ದು, ಅಲ್ಲಿದ್ದ ಮೂರಂಗುಲ ದಪ್ಪದ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದರು. ಸುಡು ಬಿಸಿಲು. ಕಲ್ಲೆಲ್ಲ ಆರಿದರೂ ನಡುವೆ ಒಂದು ಗುರುತು ಆರಲಿಲ್ಲ. ಮಗುವಿನ ಎಡಗಾಲು, ಐದೂ ಬೆರಳು.

ಆರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ ಮಗಳು ಮಧುಮತಿಯದು. ನಾಲ್ಕು ವರ್ಷದವಳು, ಸ್ನಾನ ಮುಗಿಸಿ ಒದ್ದೆ ಕಾಲಲ್ಲೇ ಅಲ್ಲಿಗೆ ಓಡುತ್ತಿದ್ದಳು. ಆ ಒಂದು ಪದರ ಬಿಡಿಸಿ ಕೊಟ್ಟರೆ ಸಾಕು, ಬೀರುವಿನಲ್ಲಿಟ್ಟುಕೊಳ್ಳುತ್ತೇನೆ ಎಂದರು ಶಾಂತಲಾ.

ಕರೆಪ್ಪ ಕಲ್ಲನ್ನೆಬ್ಬಿಸಿ, ಅಂಚಿಗೆ ಉಳಿಯಿಟ್ಟು ನಯವಾಗಿ ತಟ್ಟಿದ. ರೊಟ್ಟಿ ದಪ್ಪದ ಪದರ ಬಿಟ್ಟುಕೊಂಡಿತು. ಅದರ ಕೆಳಗೂ ಅದೇ ಕಾಲು. ನೀರು ತಾಕದ ಜಾಗದಲ್ಲೂ ಹಸಿಯಾಗಿತ್ತು. ಆದರೆ ಒಂದು ಅಂಗುಲ ಉದ್ದವಾಗಿತ್ತು.

ಕರೆಪ್ಪ ಎರಡನ್ನೂ ಬೆರಳಿನಿಂದ ಅಳೆದು ನೋಡಿದ. ಕೆಳಗಿನ ಪದರ ಯಾವಾಗಲೂ ಹಳೆಯದು, ಕಾಲು ಸಣ್ಣದಾಗಬೇಕಿತ್ತು. ಕಲ್ಲನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಕೆಮ್ಮಣ್ಣಿನ ಗೀಟು. ಗಣಿಯಿಂದ ಎಬ್ಬಿಸುವಾಗ ಮೇಲ್ಮುಖಕ್ಕೆ ಆ ಗೀಟೆಳೆಯುವುದು ಅವನ ಕಡೆಯವರ ಪದ್ಧತಿ. ಭೂಮಿಯಲ್ಲಿ ಮಲಗಿದ್ದಂತೆಯೇ ಮನೆಯಲ್ಲೂ ಮಲಗಬೇಕು, ಬೋರಲು ಹಾಕಿದರೆ ಮನೆಗೆ ಆಗಿಬರುವುದಿಲ್ಲ ಎಂದು ನಂಬಿಕೆ. ಅವಸರದಲ್ಲಿ ಅವನೇ ಬೋರಲು ಹಾಕಿದ್ದ. ಮಗು ಹೋದದ್ದು ಇದಕ್ಕೇನಾ ಎಂಬ ಯೋಚನೆ ಬಂತು.

“ತಪ್ಪು ನಂದರಿ ಅಕ್ಕಾರ. ಕಲ್ಲು ಬೋರಲ ಹಾಕೀನ್ರಿ. ಕೆಳಗ ಹೋದಂಗ ಮುಂದಿನ ಕಾಲ ಬರ್ತದ. ಇದರಾಗ ಆಕಿ ಬೆಳ್ಯಾಕ ಹತ್ಯಾಳ.”

ಶಾಂತಲಾ ಅವನನ್ನು ಬೈಯಲಿಲ್ಲ, ಅಳಲೂ ಇಲ್ಲ. ಇನ್ನೊಂದು ಪದರ ಬಿಡಿಸಿ ಎಂದರು. ಅದರ ಕೆಳಗೆ ಹತ್ತು ವರ್ಷದ ಹುಡುಗಿಯ ಕಾಲಿತ್ತು. ಬದುಕಿದ್ದರೆ ಅವಳಿಗೆ ಈಗ ಅಷ್ಟೇ ವಯಸ್ಸು. ಮತ್ತೊಂದು ಎಂದರು. ಮೂರನೆಯದರ ಕೆಳಗಿನ ಹೆಜ್ಜೆಯ ಮೇಲೆ ತಮ್ಮ ಎಡಗಾಲಿಟ್ಟರು. ಅಳತೆ ತೆಗೆದಂತೆ ಕೂತಿತು. ಕಲ್ಲು ಬೆಚ್ಚಗಿದೆ ಎಂದು ಮೆಲ್ಲಗೆ ಹೇಳಿ ಬಹಳ ಹೊತ್ತು ಹಾಗೇ ನಿಂತರು.

ಕರೆಪ್ಪ ನಾಲ್ಕನೆಯದಕ್ಕೆ ಉಳಿ ಇಟ್ಟ. ಶಾಂತಲಾ ತಟ್ಟನೆ ಅವನ ಮಣಿಕಟ್ಟು ಹಿಡಿದರು.

“ಸಾಕು ಬಿಡಿ ಕರೆಪ್ಪ. ಇದರ ಕೆಳಗೆ ಅವಳು ಇಲ್ದೇ ಹೋದ್ರೆ, ಇನ್ನೊಂದ್ಸಲ ತಡ್ಕೊಳ್ಳೋ ಶಕ್ತಿ ನನಗಿಲ್ಲ.”

ಅವನು ಉಳಿ ಕೆಳಗಿಟ್ಟ. ಬಿಡಿಸಿದ ಪದರಗಳನ್ನು ಒಂದರ ಮೇಲೊಂದು ಜೋಡಿಸಿ, ಸಂದಿಗೆ ಸಿಮೆಂಟು ತುಂಬಿ, ಕಲ್ಲನ್ನು ಅದೇ ಜಾಗದಲ್ಲಿ ಕೂರಿಸಿದ. ಈ ಸಲ ಗೊತ್ತಿದ್ದೂ ಬೋರಲೇ ಹಾಕಿದ.