ಕಪ್ಪು ಗುಂಡಿ

ಪಾರಿವಾಳ ಮತ್ತೆ ಕಪ್ಪು ಗುಂಡಿಯನ್ನೇ ಕುಕ್ಕಿತು. ಎದುರಿಗಿದ್ದದ್ದು ಒಂದೇ ತರಹದ ಎರಡು ಬೆಂಕಿಪೊಟ್ಟಣದ ಚಿತ್ರ. ಒಂದೇ ತರಹವಿದ್ದರೆ ಕೆಂಪು ಗುಂಡಿ, ಬೇರೆ ಬೇರೆಯಿದ್ದರೆ ಕಪ್ಪು ಎಂದು ಪ್ರೊಫೆಸರ್ ಅನಂತರಾಮಯ್ಯ ಈಗಷ್ಟೇ ಭಾಷಣ ಬಿಗಿದಿದ್ದರು. ತುಮಕೂರಿನ ಕಾಲೇಜು ಹುಡುಗರು ಮುಸಿಮುಸಿ ನಕ್ಕರು. ಹಿಂದಿನ ಬೆಂಚಿನಲ್ಲಿದ್ದ ಕೌಸಲ್ಯಳಿಗೆ ಹೊಟ್ಟೆ ತಣ್ಣಗಾಯಿತು.

ತಣ್ಣಗಾಗದೆ ಏನು! ಅವರ ಕೈಕೆಳಗಿನ ಲೆಕ್ಚರರ್ ಆಗಿ ಹಕ್ಕಿಯನ್ನು ಪಳಗಿಸಿದವಳು ಅವಳು. ನಿಟ್ಟೂರಿನಿಂದ ದಿನಾ ಬರುವ ರೈಲಿನಲ್ಲಿ, ಗುಬ್ಬಿ ಸ್ಟೇಷನ್ ದಾಟುವಷ್ಟರಲ್ಲಿ, ಬೀಡಿ ಸೇದುವವರ ಹತ್ತಿರ ಖಾಲಿ ಪೊಟ್ಟಣ ಬೇಡಿ ಚಿತ್ರ ಕೂಡಿಸಿದವಳು ಅವಳು. ಮಂಗನಿಗೆ ನಾಲ್ಕಾರು ಜೊತೆ ತೋರಿಸಿದರೆ 'ಒಂದೇ' ಎಂಬುದು ಹೊಳೆದುಬಿಡುತ್ತದಂತೆ. ಪಾರಿವಾಳಕ್ಕೆ ರಾಶಿಗಟ್ಟಲೆ ಬೇಕು, ಆದರೆ ಹೊಳೆಯುವುದಂತೂ ಹೊಳೆಯುತ್ತದೆ ಎಂದು ಕಂಡುಕೊಂಡವಳೂ ಅವಳೇ. ಎಂಬತ್ತೆರಡನೇ ಇಸವಿಯಲ್ಲಿ ಅದು ಲೇಖನವಾಗಿ ಅಚ್ಚಾದಾಗ ಅನಂತರಾಮಯ್ಯನವರ ಹೆಸರೊಂದೇ ಇತ್ತು. "ನೀನಿನ್ನೂ ಚಿಕ್ಕೋಳಮ್ಮ, ಮುಂದೆ ನೋಡೋಣ," ಎಂದಿದ್ದರು. ಇವರ ಮಾನ ಹರಾಜಾಗಲಿ ಎಂದು ಅವಳು ಅವತ್ತೇ ಪಾಠ ತಿರುಗಿಸಿದಳು. ತಪ್ಪು ಗುಂಡಿ ಕುಕ್ಕಿದರೆ ಮಾತ್ರ ಕಾಳು.

ಮೈಸೂರಿನಿಂದ ಬಂದಿದ್ದ ತಜ್ಞ ಚನ್ನವೀರಯ್ಯ ಎದ್ದು, ಹಕ್ಕಿ ಕಂಡೇ ಇರದ ಅಂಚೆಚೀಟಿಗಳನ್ನು ಜೊತೆ ಜೊತೆಯಾಗಿ ಇಟ್ಟರು. ಒಂದೇ ತರಹದವಕ್ಕೆ ಕಪ್ಪು, ಬೇರೆ ಬೇರೆಯವಕ್ಕೆ ಕೆಂಪು, ಎಲ್ಲವೂ ತಪ್ಪು. ಹುಡುಗರ ನಗು ಜೋರಾಯಿತು.

"ಸುಮ್ನಿರ್ರಪ್ಪ!" ಎಂದು ಚನ್ನವೀರಯ್ಯ ಗದರಿಸಿದರು. "ಏನೂ ಗೊತ್ತಿಲ್ದಿದ್ರೆ ಅರ್ಧನಾದ್ರೂ ಸರಿಯಾಗ್ತಿತ್ತು. ಒಂದೂ ಸರಿಯಾಗ್ಲಿಲ್ಲ ಅಂದ್ರೆ ಇದಕ್ಕೆ ಪೂರ್ತಿ ಗೊತ್ತು. ಯಾರೋ ಬೇಕೂಂತ ಉಲ್ಟಾ ಕಲಿಸಿದಾರೆ."

ಕೌಸಲ್ಯ ಮುಂದಿನ ಹುಡುಗನ ಬೆನ್ನ ಹಿಂದೆ ತಲೆ ತಗ್ಗಿಸಿದಳು.

"ನಾನೇ ಸಾರ್," ಅನಂತರಾಮಯ್ಯ ಕಣ್ಣು ಮಿಟುಕಿಸದೆ ಹೇಳಿದರು. "ನೀವು ಕಂಡುಹಿಡೀತೀರೇನೋ ನೋಡೋಣ ಅಂತ."

ಚಪ್ಪಾಳೆ ಬಿತ್ತು. ಭಲೇ ಗಂಡಸು, ಅವಳ ಸೇಡನ್ನೂ ನುಂಗಿ ನೀರು ಕುಡಿದಿದ್ದರು.

"ಭೇಷ್! ಹಾಗಾದ್ರೆ ನಮ್ಮೆದುರಿಗೇ ಒಂದು ಪಾಠ ಆಗ್ಲಿ. ಹೇಗೆ ಕಲಿಸ್ತೀರಿ, ತೋರ್ಸಿ," ಎಂದರು ಚನ್ನವೀರಯ್ಯ.

ಅನಂತರಾಮಯ್ಯ ಗೂಡಿನೊಳಗೆ ಕೈ ಹಾಕಿದರು. ಹಕ್ಕಿ ಪಟಪಟನೆ ರೆಕ್ಕೆ ಬಡಿದು ಮೂಲೆಗೆ ಹಾರಿತು. ಕಾಳು ಎಲ್ಲಿಡುತ್ತಾರೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಮೇಜಿನ ಮೇಲೆ ತಡಕಾಡಿ, ಕೊನೆಗೆ ಹಿಂದಿನ ಬೆಂಚಿನ ಕಡೆ ನೋಡಿದರು.

"ಕೌಸಲ್ಯ... ಸ್ವಲ್ಪ ಬಾಮ್ಮ ಇಲ್ಲಿ."

ಅವಳು ಎದ್ದು, ಪಕ್ಕದಲ್ಲಿದ್ದ ಹಕ್ಕಿಯ ಜೋಳದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು.

"ಟ್ರೈನಿಗೆ ಹೊತ್ತಾಯ್ತು ಸಾರ್. ಕಲಿಸ್ದೋರು ನೀವೇ ಅಲ್ವೇ?"

ಚನ್ನವೀರಯ್ಯ ಒಮ್ಮೆ ಅವಳನ್ನು, ಒಮ್ಮೆ ಅವರನ್ನು ನೋಡಿದರು. ಮೆಟ್ಟಿಲಿಳಿಯುವಾಗ ಡಬ್ಬಿಯೊಳಗೆ ಜೋಳ ಗಲಗಲ ಎಂದಿತು. ಮೇಲೆ, ಕೋಣೆಯಲ್ಲಿ, ಪಾರಿವಾಳ ಕಪ್ಪು ಗುಂಡಿಯನ್ನು ಟಕ್ ಟಕ್ ಎಂದು ಕುಕ್ಕಿ, ಕತ್ತು ಓರೆ ಮಾಡಿ ಕಾಯುತ್ತಿತ್ತು.